ಮೌಸ್ ಹಿಡಿದು ಬೆಟ್ಟ ಕಡಿಯೋದು ಸುಲಭ, ನೀರಿಗೆ ದಾರಿ ಬಿಡೋದು ಕಷ್ಟ: ಕಂಪ್ಯೂಟರ್ ಒಳಗಿನ ರಾಮನಗರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)



2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. 118 ಕಿಲೋಮೀಟರ್ ಉದ್ದದ ರಸ್ತೆ. ಇನ್ನೂ ಒಂದು ವಾರ ತುಂಬಿರಲಿಲ್ಲ, 17ರ ರಾತ್ರಿ ಜೋರು ಮಳೆ ಬಂತು. 18ರ ಬೆಳಗ್ಗೆ ನೋಡಿದ್ರೆ ರಾಮನಗರದ ಹತ್ತಿರ, ಸಂಗಬಸವನದೊಡ್ಡಿ ಬಳಿ, ಹೊಸ ರಸ್ತೆ ಕೆರೆ ಥರ ಆಗಿತ್ತು.

ಯಾಕೆ ಹೀಗಾಯ್ತು ಅಂತ ಹೆದ್ದಾರಿ ಪ್ರಾಧಿಕಾರ ಆಗ ಒಂದು ವಿವರಣೆ ಕೊಡ್ತು. ಪ್ರಾಣಿಗಳು ದಾಟಲಿ ಅಂತ ಅಲ್ಲಿ ಮೇಲ್ಸೇತುವೆ ಕಟ್ಟಿದ್ದಾರೆ. ಅದರ ಕೆಳಗೆ ನೀರು ಹರಿಯೋಕೆ ಚರಂಡಿ ಇತ್ತು. ಮಾದಾಪುರದ ಗ್ರಾಮಸ್ಥರು ತಮ್ಮ ಹೊಲಕ್ಕೆ, ಊರಿಗೆ ಹೋಗೋಕೆ ದಾರಿ ಬೇಕು ಅಂತ ಆ ಚರಂಡಿ ಮೇಲೆ 3 ಮೀಟರ್ ಅಗಲಕ್ಕೆ ಮಣ್ಣು ಹಾಕಿದ್ರು, ಅದಕ್ಕೇ ನೀರು ನಿಂತಿದ್ದು ಅನ್ನೋದು ಪ್ರಾಧಿಕಾರದ ಮಾತು. ಆಮೇಲೆ ಆ ದಾರಿಯ ಅಡಿಯಲ್ಲಿ 1.2 ಮೀಟರ್ ವ್ಯಾಸದ ಪೈಪುಗಳನ್ನ ಎರಡು ಸಾಲು ಹಾಕ್ತೀವಿ ಅಂತಲೂ ಹೇಳ್ತು.

ತಪ್ಪು ಯಾರದು ಅನ್ನೋ ಚರ್ಚೆ ಇವತ್ತು ಬೇಡ. ಎರಡು ಅಳತೆ ಮಾತ್ರ ನೆನಪಲ್ಲಿ ಇಟ್ಕೊಳ್ಳಿ: 3 ಮೀಟರ್ ಮಣ್ಣು, 1.2 ಮೀಟರ್ ಪೈಪು. ಇವತ್ತಿನ ವಿಷಯ ಕಂಪ್ಯೂಟರ್‌ನಲ್ಲಿ ನೆಲವನ್ನ ಹೇಗೆ ಕಟ್ತಾರೆ, ಹೇಗೆ ಕಡೀತಾರೆ, ಹೇಗೆ ತುಂಬ್ತಾರೆ ಅನ್ನೋದು. ರಸ್ತೆ, ಲೇಔಟ್, ಕೆರೆ, ಅಣೆಕಟ್ಟು, ಕ್ವಾರಿ, ಎಲ್ಲದರ ಲೆಕ್ಕ ಈಗ ಮೊದಲು ನಡೆಯೋದು ಸ್ಕ್ರೀನ್ ಮೇಲೆ. ಅಲ್ಲಿ ಕಾಣದೇ ಹೋದ 3 ಮೀಟರ್, ಮಳೆ ಬಂದ ದಿನ ರಸ್ತೆ ಮೇಲೆ ಕಾಣುತ್ತೆ.

ನೆಲ ಅಂದ್ರೆ ಒಂದು ದೊಡ್ಡ ಕೋಷ್ಟಕ

ಮೈನ್‌ಕ್ರಾಫ್ಟ್ ಆಡಿದ್ದೀರಾ? ಹಾಗಿದ್ರೆ ಅರ್ಧ ಕೆಲಸ ಮುಗೀತು. ಕಂಪ್ಯೂಟರ್‌ಗೆ ನೆಲ ಅನ್ನೋದು ಚೌಕ ಚೌಕ ಮನೆಗಳ ಕೋಷ್ಟಕ. ಪ್ರತಿ ಮನೆಯಲ್ಲಿ ಒಂದೇ ಒಂದು ಸಂಖ್ಯೆ: ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಮೀಟರ್ ಎತ್ತರ ಅಂತ. ಇದನ್ನ ಡಿಜಿಟಲ್ ಎಲಿವೇಷನ್ ಮಾಡೆಲ್, ಚಿಕ್ಕದಾಗಿ 'ಡೆಮ್' ಅಂತಾರೆ. ನಾವು ಎತ್ತರದ ನಕ್ಷೆ ಅನ್ನೋಣ.

ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ? 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ, ರಾಡಾರ್‌ನಿಂದ ಭೂಮಿಯ ನೆಲದ ಸುಮಾರು 80 ಭಾಗ ಅಳೀತು. ಅದರ ಫಲವೇ ಎಸ್‌ಆರ್‌ಟಿಎಂ ನಕ್ಷೆ. ನಮ್ಮ ಇಸ್ರೋ 2005ರಲ್ಲಿ ಕಾರ್ಟೊಸ್ಯಾಟ್-1 ಉಪಗ್ರಹ ಹಾರಿಸ್ತು. ಅದರಲ್ಲಿ ಎರಡು ಕ್ಯಾಮೆರಾ. ನಮ್ಮ ಎರಡು ಕಣ್ಣು ಸೇರಿ ದೂರ ಅಂದಾಜು ಮಾಡೋ ಹಾಗೆ, ಎರಡು ಕೋನದ ಚಿತ್ರ ಸೇರಿಸಿ ಎತ್ತರ ಲೆಕ್ಕ ಹಾಕೋದು. ಅದರಿಂದ ಬಂದ ಕಾರ್ಟೊಡೆಮ್ ಇಸ್ರೋದ ಭುವನ್ ತಾಣದಲ್ಲಿ ಉಚಿತವಾಗಿ ಸಿಗುತ್ತೆ. ಉಚಿತವಾಗಿ ಸಿಗೋ ಇಂಥ ನಕ್ಷೆಗಳಲ್ಲಿ ಒಂದು ಮನೆಯ ಅಳತೆ ಸಾಮಾನ್ಯವಾಗಿ 30 ಮೀಟರ್‌ಗೆ 30 ಮೀಟರ್, ಅಂದ್ರೆ 900 ಚದರ ಮೀಟರ್. ಹೆಚ್ಚು ಕಡಿಮೆ ನಾಲ್ಕು 60-40 ಸೈಟು ಒಟ್ಟಿಗೆ. ಅಷ್ಟೂ ಜಾಗಕ್ಕೆ ಒಂದೇ ಎತ್ತರ!

ಇನ್ನೂ ಚೆನ್ನಾಗಿ ಬೇಕು ಅಂದ್ರೆ ಡ್ರೋನ್ ಹಾರಿಸಬೇಕು, ಇಲ್ಲಾ ಲೈಡಾರ್ ಅನ್ನೋ ಲೇಸರ್ ಯಂತ್ರ ಬಳಸಬೇಕು. ಆಗ ಮನೆ ಒಂದು ಮೀಟರ್‌ಗೆ, ಅದಕ್ಕಿಂತ ಕಡಿಮೆಗೂ ಇಳಿಯುತ್ತೆ. ಖರ್ಚು ಮಾತ್ರ ಏರುತ್ತೆ.

ಕಟಿಂಗು, ಫಿಲ್ಲಿಂಗು

ಈಗ ಈ ಕೋಷ್ಟಕವನ್ನ ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೀತೀರಿ ಅಂದ್ಕೊಳ್ಳಿ. ಒಂದು ಬಟನ್ ಒತ್ತಿದ್ರೆ ಬೆಳಕು-ನೆರಳು ಬಿದ್ದು ರಾಮದೇವರ ಬೆಟ್ಟ ಎದ್ದು ಕಾಣುತ್ತೆ. ಇನ್ನೊಂದು ಒತ್ತಿದ್ರೆ ಸಮ ಎತ್ತರದ ಗೆರೆಗಳು ಮೂಡ್ತವೆ. ರಸ್ತೆ ಇಂಜಿನಿಯರ್‌ಗಳು ಸಿವಿಲ್ 3ಡಿ ಥರದ ಸಾಫ್ಟ್‌ವೇರ್ ಬಳಸ್ತಾರೆ, ಗೇಮ್ ಮಾಡೋರು ಯೂನಿಟಿ, ಬ್ಲೆಂಡರ್ ಬಳಸ್ತಾರೆ. ಗೇಮ್ ಸಾಫ್ಟ್‌ವೇರ್‌ಗಳಲ್ಲಿ ನೆಲಕ್ಕೆ ಬ್ರಷ್ ಇರುತ್ತೆ: ಎತ್ತರಿಸು, ತಗ್ಗಿಸು, ನುಣುಪು ಮಾಡು, ಸಮ ಮಾಡು. ಎಳೆದ ಕಡೆ ಬೆಟ್ಟ, ಒತ್ತಿದ ಕಡೆ ಹಳ್ಳ.

ಇಂಜಿನಿಯರ್ ಬ್ರಷ್ ಹಿಡಿಯಲ್ಲ, ರಸ್ತೆ ಎಷ್ಟು ಮಟ್ಟದಲ್ಲಿ ಹೋಗಬೇಕು ಅಂತ ಒಂದು ಗೆರೆ ಕೊಡ್ತಾರೆ. ನೆಲ ಆ ಗೆರೆಗಿಂತ ಮೇಲಿದ್ರೆ ಅದು ಕಟಿಂಗ್, ಕೆಳಗಿದ್ರೆ ಫಿಲ್ಲಿಂಗ್. ಪ್ರತಿ ಮನೆಯಲ್ಲೂ ಈಗಿನ ಎತ್ತರದಿಂದ ಬೇಕಾದ ಎತ್ತರ ಕಳೆದು, ಅದನ್ನ ಮನೆಯ ವಿಸ್ತೀರ್ಣದಿಂದ ಗುಣಿಸಿದ್ರೆ ಎಷ್ಟು ಮಣ್ಣು ಅಂತ ಸಿಗುತ್ತೆ. ಕಡಿದ ಮಣ್ಣು ತುಂಬೋ ಕಡೆಗೆ ಸರಿಹೋದ್ರೆ ಲಾರಿ ಬಾಡಿಗೆ ಉಳೀತು.

ಒಂದು ಚಿಕ್ಕ ಉದಾಹರಣೆ, ನಿಮ್ಮ ತೋಟದ್ದೇ. ಕೃಷಿ ಹೊಂಡ. ಮೇಲೆ 12 ಮೀಟರ್‌ಗೆ 12 ಮೀಟರ್, ಆಳ 3 ಮೀಟರ್. ಹನ್ನೆರಡು ಹನ್ನೆರಡ್ಲಿ 144, ಮೂರರಿಂದ ಗುಣಿಸಿದ್ರೆ 432 ಘನ ಮೀಟರ್ ಅಂತ ಲೆಕ್ಕ ಹಾಕಿದ್ರೆ ಕೆಟ್ವಿ. ಹೊಂಡದ ಗೋಡೆ ನೆಟ್ಟಗೆ ನಿಲ್ಲಲ್ಲ, ಕುಸಿಯುತ್ತೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ ಬರೋ ಹಾಗೆ ಇಳಿಜಾರು ಬಿಡಬೇಕು. ಆಗ ತಳ 6ಕ್ಕೆ 6 ಮೀಟರ್ ಮಾತ್ರ. ಸರಿಯಾದ ಲೆಕ್ಕ 252 ಘನ ಮೀಟರ್, ಅಂದ್ರೆ 2 ಲಕ್ಷ 52 ಸಾವಿರ ಲೀಟರ್ ನೀರು. ಇಳಿಜಾರು ಮರೆತವರ ಲೆಕ್ಕದಲ್ಲಿ 1 ಲಕ್ಷ 80 ಸಾವಿರ ಲೀಟರ್ ನೀರು ಗಾಳಿಯಲ್ಲೇ ತುಂಬಿತ್ತು!

ಇನ್ನೊಂದು ವಿಷಯ. ಅಗೆದ ಮಣ್ಣು ಸಡಿಲ ಆಗಿ ಉಬ್ಬುತ್ತೆ. ಐದನೇ ಒಂದು ಭಾಗ ಉಬ್ಬಿದ್ರೂ 252 ಅನ್ನೋದು 300 ದಾಟುತ್ತೆ. ಒಂದು ಟ್ರ್ಯಾಕ್ಟರ್ ಟ್ರೇಲರ್‌ಗೆ 3 ಘನ ಮೀಟರ್ ಅಂದ್ಕೊಂಡ್ರೆ ನೂರು ಲೋಡ್ ಮಣ್ಣು. ಅದನ್ನ ಎಲ್ಲಿ ಹಾಕ್ತೀರಿ? ಜೆಸಿಬಿಯವನು ಹತ್ತಿರದಲ್ಲೇ ಸುರಿದು ಹೋಗ್ತಾನೆ. ಅದು ಹೊಂಡದ ಮೇಲ್ಗಡೆ ಬಿದ್ರೆ, ಒಳಗೆ ಬರಬೇಕಾದ ನೀರಿಗೇ ಅಡ್ಡ ಗೋಡೆ. ಹೊಂಡ ಇದೆ, ಮಳೆಯೂ ಬಂತು, ನೀರು ಮಾತ್ರ ಪಕ್ಕದ ಹೊಲಕ್ಕೆ ಹೋಯ್ತು. ಎಷ್ಟು ಮಣ್ಣು ಅಂತ ಸಾಫ್ಟ್‌ವೇರ್ ಹೇಳುತ್ತೆ. ಎಲ್ಲಿ ಸುರೀಬೇಕು ಅಂತ ನಾವೇ ಯೋಚಿಸಬೇಕು.

ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆ ಮಾಡೋದು ನೋಡಿರ್ತೀರಿ. ಮರ ಲೇತ್‌ನಲ್ಲಿ ತಿರುಗ್ತಾ ಇರುತ್ತೆ, ಉಳಿ ತಾಗಿದ ಕಡೆ ಸಿಪ್ಪೆ ಎದ್ದು ಆಕಾರ ಬರುತ್ತೆ. ಅಲ್ಲಿ ಒಂದು ಸಲ ಕಡಿದದ್ದು ಕಡಿದದ್ದೇ. ಕಂಪ್ಯೂಟರ್‌ನಲ್ಲಿ 'ಅನ್‌ಡು' ಇದೆ, ಹತ್ತು ಸಲ ಬೆಟ್ಟ ಕಡಿದು ಹತ್ತು ಸಲ ವಾಪಸ್ ಇಡಬಹುದು. ಪ್ರಯೋಗ ಮಾಡೋ ಜಾಗ ಅದೇ. ಜೆಸಿಬಿಗೆ ಅನ್‌ಡು ಇಲ್ಲ.

ನೀರು ಹರಿಸಿ ನೋಡೋದು

ಕಡಿದು ತುಂಬಿ ಆಯ್ತು. ಈಗ ಪರೀಕ್ಷೆ: ಮಳೆ ಬಂದ್ರೆ ನೀರು ಎಲ್ಲಿ ಹೋಗುತ್ತೆ?

ಗಾರೆ ಕೆಲಸದವರು ಟ್ಯೂಬ್ ಲೆವೆಲ್ ಹಿಡಿದು 'ವಾಟ' ನೋಡ್ತಾರಲ್ಲ, ಕಂಪ್ಯೂಟರ್ ಮಾಡೋದೂ ಅದೇ. ಪ್ರತಿ ಮನೆಯೂ ತನ್ನ ಸುತ್ತಲಿನ ಎಂಟು ಮನೆಗಳ ಕಡೆ ನೋಡುತ್ತೆ. ಯಾವ ಕಡೆ ಇಳಿಜಾರು ಜಾಸ್ತಿಯೋ ಆ ಕಡೆಗೆ ತನ್ನ ನೀರು ಕಳಿಸುತ್ತೆ. ಲಕ್ಷಾಂತರ ಮನೆಗಳು ಹೀಗೆ ಒಂದಕ್ಕೊಂದು ನೀರು ದಾಟಿಸಿದ್ರೆ ಹಳ್ಳ, ಹೊಳೆ ತಾವೇ ಮೂಡ್ತವೆ. ನಂದಿ ಬೆಟ್ಟದಿಂದ ಹೊರಟ ಅರ್ಕಾವತಿ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರೋದನ್ನ ಯಾರೂ ಹೇಳಿಕೊಡದೆ ಸಾಫ್ಟ್‌ವೇರ್ ಬಿಡಿಸಿ ತೋರಿಸುತ್ತೆ.

ಆದ್ರೆ ನಡುವೆ ಎರಡು ಕಡೆ ಎಡವುತ್ತೆ.

ಮೊದಲನೇದು, ಗುಂಡಿ. ಸುತ್ತಲಿನ ಎಂಟೂ ಮನೆ ಎತ್ತರ ಇದ್ರೆ ನೀರಿಗೆ ಮುಂದೆ ದಾರಿ ಇಲ್ಲ, ಲೆಕ್ಕ ಅಲ್ಲೇ ನಿಲ್ಲುತ್ತೆ. ಅದಕ್ಕೆ 'ಫಿಲ್ ಸಿಂಕ್ಸ್' ಅಂತ ಒಂದು ಸಾಧನ ಇದೆ. ಗುಂಡಿ ಅಂದ್ರೆ ಅಳತೆಯ ತಪ್ಪು ಅಂದ್ಕೊಂಡು ಎಲ್ಲವನ್ನೂ ಮುಚ್ಚಿಬಿಡುತ್ತೆ. ಮಾಗಡಿ, ಚನ್ನಪಟ್ಟಣದ ಕಡೆ ನೆಲ ನೋಡಿದೋರಿಗೆ ಗೊತ್ತು, ಇಲ್ಲಿ ತಗ್ಗು ಅಂದ್ರೆ ತಪ್ಪಲ್ಲ, ಕೆರೆ. ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಾಗೆ ಸಾಲಾಗಿ ಮಾಡಿದ ವ್ಯವಸ್ಥೆ. ಒಂದು ಬಟನ್‌ನಲ್ಲಿ ಅದೆಲ್ಲ ಸಮತಟ್ಟು. ನೀರು ನಿಲ್ಲೋ ಜಾಗವೇ ಇಲ್ಲದ ನಕ್ಷೆ ಇಟ್ಕೊಂಡು ಲೇಔಟ್ ಪ್ಲಾನ್ ಮಾಡಿದ್ರೆ ಏನಾಗುತ್ತೆ ಅಂತ ಬೆಂಗಳೂರಿನವರನ್ನ ಕೇಳಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣ ಕಡೆ ಕೆರೆಗಳು ಕೋಡಿ ಬಿದ್ದು ಹೆದ್ದಾರಿ ಮೇಲೇ ನೀರು ಹರೀತು. ಕೆರೆ ತುಂಬಿದ ಮೇಲೆ ನೀರು ಯಾವ ಕಡೆ ಹೋಗುತ್ತೆ ಅನ್ನೋದನ್ನ ಕೋಡಿಯ ಮಟ್ಟ ತೀರ್ಮಾನ ಮಾಡುತ್ತೆ. ನಕ್ಷೆಯಲ್ಲಿ ಕೋಡಿ ಇಲ್ಲ ಅಂದ್ರೆ ಆ ಉತ್ತರವೂ ಇಲ್ಲ.

ಎರಡನೇದು, ಮೋರಿ. ಮೇಲಿಂದ ನೋಡೋ ಉಪಗ್ರಹಕ್ಕೆ, ಡ್ರೋನ್‌ಗೆ ರಸ್ತೆಯ ಏರಿ ಕಾಣುತ್ತೆ. ಅದರ ಹೊಟ್ಟೆಯೊಳಗಿನ ಮೋರಿ ಕಾಣಲ್ಲ. ಹಾಗಾಗಿ ಮಾಡೆಲ್‌ನಲ್ಲಿ ಪ್ರತಿ ರಸ್ತೆಯೂ ಒಂದು ಅಣೆಕಟ್ಟು. ನೀರು ಅದರ ಹಿಂದೆ ನಿಂತು, ಉದ್ದಕ್ಕೂ ಹರಿದು, ಎಲ್ಲೋ ಇನ್ನೊಂದು ಕಡೆ ದಾಟುತ್ತೆ. ಇದನ್ನ ಸರಿಮಾಡೋಕೆ ಇಂಜಿನಿಯರ್ ಮೋರಿ ಇರೋ ಜಾಗದಲ್ಲಿ ನೆಲವನ್ನ ಕಡಿದು ಗೆರೆ ಎಳೀತಾರೆ. ಇದೇ ಈ ಕೆಲಸದ ಅತಿ ಮುಖ್ಯವಾದ 'ಕಟ್'. ಬೆಟ್ಟ ಕಡಿಯೋದಲ್ಲ, ಮೋರಿ ಕಡಿಯೋದು.

ಇದರಲ್ಲೂ ಒಂದು ಅಪಾಯ ಇದೆ. ಸ್ಕ್ರೀನ್ ಮೇಲೆ ಕಡಿದ ಮೋರಿ ಯಾವಾಗಲೂ ಸ್ವಚ್ಛ. ನಿಜವಾದ ಮೋರಿಯಲ್ಲಿ ಹೂಳು, ಪ್ಲಾಸ್ಟಿಕ್, ಕಟ್ಟಡದ ಅವಶೇಷ. ಮಾಡೆಲ್‌ನಲ್ಲಿ ನೀರು ಸರಾಗ ಹೋಯ್ತು ಅಂದ್ರೆ ನೆಲದ ಮೇಲೂ ಹೋಗುತ್ತೆ ಅಂತಲ್ಲ.

3 ಮೀಟರ್ ಎಲ್ಲಿ ಮಾಯ ಆಯ್ತು?

ಈಗ ಸಂಗಬಸವನದೊಡ್ಡಿಯ 3 ಮೀಟರ್ ಮಣ್ಣಿಗೆ ವಾಪಸ್ ಬರೋಣ.

ಒಂದು ಲೆಕ್ಕ ಮಾಡೋಣ. ಆ ಮಣ್ಣಿನ ದಾರಿ ಒಂದು ಮೀಟರ್ ಎತ್ತರ ಇತ್ತು ಅಂತ ಬರೀ ಉದಾಹರಣೆಗೆ ಅಂದ್ಕೊಳ್ಳಿ. 30 ಮೀಟರ್ ಮನೆಯೊಳಗೆ 3 ಮೀಟರ್ ಪಟ್ಟಿ ಅಂದ್ರೆ ಹತ್ತರಲ್ಲಿ ಒಂದು ಭಾಗ. ಮನೆಗೆ ಒಂದೇ ಎತ್ತರ, ಅದೂ ಸರಾಸರಿ. ಒಂದು ಮೀಟರ್ ಏರಿಕೆ ಸರಾಸರಿಯಲ್ಲಿ 10 ಸೆಂಟಿಮೀಟರ್ ಆಗಿಹೋಯ್ತು. ಉಪಗ್ರಹದ ಎತ್ತರದಲ್ಲಿ ತಪ್ಪು ಬರೋದೇ ಮೀಟರ್‌ಗಳ ಲೆಕ್ಕದಲ್ಲಿ. ಅದರ ನಡುವೆ 10 ಸೆಂಟಿಮೀಟರ್ ಯಾರಿಗೆ ಕಾಣುತ್ತೆ? ಇನ್ನು 1.2 ಮೀಟರ್ ಪೈಪಿನ ಮಾತು ಬಿಡಿ.

ಇಷ್ಟು ದೊಡ್ಡ ರಸ್ತೆಯನ್ನ ಉಚಿತ ನಕ್ಷೆ ಇಟ್ಕೊಂಡು ಕಟ್ಟಲ್ಲ, ನೆಲಕ್ಕಿಳಿದು ಸರ್ವೆ ಮಾಡೇ ಕಟ್ತಾರೆ. ಆದ್ರೆ ಎಷ್ಟೇ ಸೂಕ್ಷ್ಮ ಸರ್ವೆ ಆದ್ರೂ ಅದು ಒಂದು ದಿನದ ಫೋಟೋ. ಆಮೇಲೆ ಬಿದ್ದ ಮಣ್ಣು ಅದರಲ್ಲಿ ಇರಲ್ಲ. ಎಸ್‌ಆರ್‌ಟಿಎಂ ಅಂತೂ 2000ದ ಫೆಬ್ರವರಿಯ ನೆಲ. ಅದರಲ್ಲಿ ಎಕ್ಸ್‌ಪ್ರೆಸ್‌ವೇಯೇ ಇಲ್ಲ!

ಇನ್ನೊಂದು ಅಂಶ ಇದೆ, ಅದು ಯಾವ ಎತ್ತರದ ನಕ್ಷೆಯಲ್ಲೂ ಬರಲ್ಲ: ಜನ ನಡೆಯೋ ದಾರಿ. ರಸ್ತೆಯ ಒಂದು ಕಡೆ ಊರು, ಇನ್ನೊಂದು ಕಡೆ ಹೊಲ ಇರೋನು ಎತ್ತಿನ ಗಾಡಿ, ಟ್ರ್ಯಾಕ್ಟರ್, ಹಿಪ್ಪುನೇರಳೆ ಸೊಪ್ಪಿನ ಹೊರೆ ತಗೊಂಡು ದಾಟಲೇಬೇಕು. ದಾರಿ ದೂರ ಆದ್ರೆ ಹತ್ತಿರದ್ದೊಂದು ಮಾಡ್ಕೊಳ್ತಾನೆ. ನೀರಿನ ದಾರಿ ಲೆಕ್ಕ ಹಾಕಿದ ಹಾಗೇ ಮನುಷ್ಯರ ದಾರಿಯನ್ನೂ ಮೊದಲೇ ಲೆಕ್ಕ ಹಾಕಿದ್ರೆ, ಎರಡೂ ಒಂದೇ ಜಾಗದಲ್ಲಿ ಡಿಕ್ಕಿ ಹೊಡೆಯಲ್ಲ. ಕೊನೆಗೆ ಹೇಳಿದ ಪರಿಹಾರ ಏನು? ದಾರಿಯೂ ಇರಲಿ, ಅಡಿಯಲ್ಲಿ ಪೈಪೂ ಇರಲಿ. ಇದನ್ನೇ ಮೊದಲು ಸ್ಕ್ರೀನ್ ಮೇಲೆ ಮಾಡಿದ್ರೆ ಹತ್ತು ನಿಮಿಷದ ಕೆಲಸ.

ಬಂಡೆಯ ಹೊಟ್ಟೆ, ಕಣಿವೆಯ ಬಾಯಿ

ಒಂದು ಮನೆಗೆ ಒಂದೇ ಎತ್ತರ ಅಂದ್ವಲ್ಲ, ಅದಕ್ಕೆ ಇನ್ನೊಂದು ಮಿತಿ ಇದೆ. ಮೈನ್‌ಕ್ರಾಫ್ಟ್‌ನಲ್ಲಿ ಗುಹೆ ತೋಡಬಹುದು, ಇಲ್ಲಿ ಆಗಲ್ಲ. ಕೆಳಗೆ ಟೊಳ್ಳು, ಮೇಲೆ ಬಂಡೆ ಅನ್ನೋದನ್ನ ಈ ಕೋಷ್ಟಕ ಬರೆಯೋಕೇ ಬರಲ್ಲ.

ನಮ್ಮ ಕಡೆ ಬೆಟ್ಟಗಳೋ, ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆ ಹೆಸರು ಕ್ಲೋಸ್‌ಪೇಟೆ, ಕಲ್ಲಿಗೆ ಊರಿನ ಹೆಸರೇ ಬಂತು. ಅಂಥ ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಚಾಚುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಮಾಡುತ್ತೆ. ಅದಕ್ಕೇ 2012ರಲ್ಲಿ ಆ ಜಾಗವನ್ನ ರಣಹದ್ದು ಧಾಮ ಅಂತ ಘೋಷಿಸಿದ್ದು. 30 ಮೀಟರ್ ನಕ್ಷೆಯಲ್ಲಿ ಆ ಚಾಚು ಇಲ್ಲವೇ ಇಲ್ಲ, ಬಂಡೆ ಒಂದು ಇಳಿಜಾರು ಅಷ್ಟೇ. ಮಾಗಡಿಯ ಸಾವನದುರ್ಗ 1,226 ಮೀಟರ್, ಕರಿಗುಡ್ಡ-ಬಿಳಿಗುಡ್ಡ ಎರಡೂ ಅದರಲ್ಲಿ ದುಂಡಗಾಗಿ ಬಿಡುತ್ತವೆ. ಟ್ರೆಕ್ಕಿಂಗ್ ಆ್ಯಪ್ ನೋಡ್ಕೊಂಡು 'ಇಲ್ಲಿ ಇಳಿಬಹುದು' ಅಂತ ಹೊರಡೋರು ಇದನ್ನ ಗಮನಿಸಿ. ಆ್ಯಪ್‌ನಲ್ಲಿ ಇಳಿಜಾರು ಕಂಡ ಕಡೆ ನಿಜದಲ್ಲಿ ಪ್ರಪಾತ ಇರಬಹುದು.

ಕನಕಪುರದ ಕಡೆ ಬಂದ್ರೆ ಮೇಕೆದಾಟು. ಮೇಕೆ ದಾಟುವಷ್ಟು ಕಿರಿದು ಅಂತ ಹೆಸರೇ ಹೇಳುತ್ತೆ. ಅಷ್ಟು ಕಿರಿದಾದ ಕಂದಕ 30 ಮೀಟರ್ ಮನೆಯ ಸರಾಸರಿಯಲ್ಲಿ ತುಂಬಿಹೋಗುತ್ತೆ.

ಅದೇ ಹೆಸರಿನ ಅಣೆಕಟ್ಟು ಯೋಜನೆ ಗೊತ್ತಲ್ಲ, 67.16 ಟಿಎಂಸಿ ನೀರು, 400 ಮೆಗಾವಾಟ್ ವಿದ್ಯುತ್. ಬೇಕು-ಬೇಡ ಅನ್ನೋ ರಾಜಕೀಯ ಪಕ್ಕಕ್ಕಿಟ್ಟು ಲೆಕ್ಕದ ರೀತಿ ಮಾತ್ರ ನೋಡಿ. ಮಾಡೆಲ್‌ನಲ್ಲಿ ನದಿಗೆ ಅಡ್ಡ ಒಂದು ಗೋಡೆ ನಿಲ್ಲಿಸ್ತಾರೆ. ನೀರಿನ ಮಟ್ಟ ಇಷ್ಟು ಅಂತ ಕೊಡ್ತಾರೆ. ಗೋಡೆಯ ಹಿಂದೆ ಆ ಮಟ್ಟಕ್ಕಿಂತ ಕೆಳಗಿರೋ ಮನೆಗಳೆಲ್ಲ ಮುಳುಗಡೆ. ಪ್ರತಿ ಮನೆಯ ನೀರಿನ ಆಳವನ್ನ ಮನೆಯ ವಿಸ್ತೀರ್ಣದಿಂದ ಗುಣಿಸಿ ಕೂಡಿದ್ರೆ ಸಂಗ್ರಹ. ಈ ಯೋಜನೆಯಲ್ಲಿ ಮುಳುಗೋ ಪ್ರದೇಶ ಸುಮಾರು 5,000 ಹೆಕ್ಟೇರ್, ಹೆಚ್ಚಿನದು ಕಾಡು. ಅಂದ್ರೆ 5 ಕೋಟಿ ಚದರ ಮೀಟರ್. ನೆಲದ ಎತ್ತರ ಎಲ್ಲ ಕಡೆ ಒಂದೇ ಒಂದು ಮೀಟರ್ ತಪ್ಪಾದ್ರೆ 5 ಕೋಟಿ ಘನ ಮೀಟರ್ ವ್ಯತ್ಯಾಸ. ಒಂದು ಟಿಎಂಸಿ ಅಂದ್ರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದ್ರೆ ಒಂದು ಮೀಟರ್ ತಪ್ಪಿಗೆ ಒಂದೂಮುಕ್ಕಾಲು ಟಿಎಂಸಿ! ಮರಗಳಿರೋ ಕಡೆ ರಾಡಾರ್ ನೆಲಕ್ಕಿಂತ ಮೇಲೆ, ಎಲೆ-ಕೊಂಬೆಗಳಿಂದಲೂ ವಾಪಸ್ ಬರುತ್ತೆ ಅನ್ನೋದೂ ನೆನಪಿರಲಿ. ಒಂದು ಮೀಟರ್ ತಪ್ಪೋದು ಅಲ್ಲಿ ದೊಡ್ಡ ಮಾತೇ ಅಲ್ಲ. ಅದಕ್ಕೇ ಇಂಥ ಕಡೆ ನೆಲದ ಸರ್ವೆ, ಲೈಡಾರ್ ಬೇಕೇ ಬೇಕು ಅನ್ನೋದು.

ಹಾಗಾದ್ರೆ ಇದು ಉಪಯೋಗ ಇಲ್ವಾ?

ಖಂಡಿತ ಇದೆ. ಅಳತೆಗೆ ತಕ್ಕ ಕೆಲಸ ಕೊಡಬೇಕು ಅಷ್ಟೆ. ಒಂದು ಹಳ್ಳದ ಜಲಾನಯನ ಪ್ರದೇಶ ಎಷ್ಟು ದೊಡ್ಡದು, ಯಾವ ಕಣಿವೆಯ ನೀರು ಯಾವ ಕೆರೆಗೆ ಬರುತ್ತೆ, ಇದಕ್ಕೆಲ್ಲ 30 ಮೀಟರ್ ನಕ್ಷೆ ಸಾಕು. ಒಂದು ಕಲ್ಲು ಕ್ವಾರಿಯಿಂದ ವರ್ಷದಲ್ಲಿ ಎಷ್ಟು ಕಲ್ಲು ಹೋಯ್ತು ಅಂತ ತಿಳೀಬೇಕಾ? ಎರಡು ಸಲ ಡ್ರೋನ್ ಹಾರಿಸಿ, ಹಳೇ ಎತ್ತರದಿಂದ ಹೊಸ ಎತ್ತರ ಕಳೀರಿ. ಕಡಿದ ಬೆಟ್ಟ ಎಷ್ಟು ಅಂತ ಸಂಖ್ಯೆ ಬರುತ್ತೆ. ಪರ್ಮಿಟ್‌ನಲ್ಲಿರೋ ಸಂಖ್ಯೆ ಜೊತೆ ಅದನ್ನ ಹೋಲಿಸಬಹುದು.

ನೀವೂ ನೋಡಬಹುದು. ಗೂಗಲ್ ಅರ್ಥ್‌ನಲ್ಲಿ ನಿಮ್ಮೂರಿನ ಕೆರೆ ಹುಡುಕಿ, ಅಲ್ಲಿಂದ ಕೋಡಿ ಹಳ್ಳದ ಉದ್ದಕ್ಕೂ ಬೆರಳಾಡಿಸಿ, ಎತ್ತರ ಹೇಗೆ ಇಳೀತಾ ಹೋಗುತ್ತೆ ಗಮನಿಸಿ. ಲ್ಯಾಪ್‌ಟಾಪ್ ಇದ್ರೆ ಭುವನ್‌ನಿಂದ ನಕ್ಷೆ ತಗೊಂಡು ಕ್ಯೂಜಿಐಎಸ್‌ನಲ್ಲಿ ನೀರು ಹರಿಸಿ ನೋಡಿ.

ಇನ್ನು ಮುಂದೆ ನಿಮ್ಮೂರಲ್ಲಿ ರಸ್ತೆ, ಲೇಔಟ್, ಏನೇ ಬರಲಿ, ಯಾರಾದ್ರೂ ಗ್ರಾಮಸಭೆಯಲ್ಲಿ ಬಣ್ಣಬಣ್ಣದ 3ಡಿ ನಕ್ಷೆ ತೋರಿಸಿದ್ರೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಈ ನಕ್ಷೆಯಲ್ಲಿ ಒಂದು ಮನೆ ಎಷ್ಟು ಮೀಟರ್? ಎರಡು, ಇದು ಯಾವ ವರ್ಷದ ನೆಲ? ಮೂರು, ನಮ್ಮ ಮೋರಿ, ತೂಬು, ಕೋಡಿ ಇದರಲ್ಲಿ ಎಲ್ಲಿದೆ, ತೋರಿಸಿ. ನಾಲ್ಕು, ನಾವು ಹೊಲಕ್ಕೆ ಹೋಗೋ ದಾರಿ ಎಲ್ಲಿದೆ? ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತೆ ಅಂತ ನಿಮ್ಮ ಅಜ್ಜಿಗೆ ಗೊತ್ತಿರೋದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಅದು ನಕ್ಷೆಗೆ ಸೇರಬೇಕು ಅಂದ್ರೆ ಯಾರಾದ್ರೂ ಕೇಳಬೇಕು, ಯಾರಾದ್ರೂ ಹೇಳಬೇಕು.

ಕೊನೆಯದಾಗಿ ಒಂದು ಕೆಲಸ. ಮುಂದಿನ ಮಳೆಗೆ ಮೊದಲು ನಿಮ್ಮ ಮನೆ ಹತ್ತಿರದ ಮೋರಿಯನ್ನ ಒಂದು ಸಲ ಬಗ್ಗಿ ನೋಡಿ. ಆ ಕಡೆಯ ಬೆಳಕು ಈ ಕಡೆಗೆ ಕಾಣುತ್ತಾ? ಕಾಣದಿದ್ರೆ ಒಂದು ಫೋಟೋ ತೆಗೆದು ಪಂಚಾಯಿತಿಗೋ ನಗರಸಭೆಗೋ ಕಳಿಸಿ.